ಅನೇಕ್ ಕನ್ನಡ ಫಾಂಟ್: ಕೋಲಾರದ ಮಂಡಿ ದರಪಟ್ಟಿಗೆ ಒಗ್ಗುತ್ತದೆಯೇ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ದರ ನೋಡುವವರು ಕಂಪ್ಯೂಟರ್ ಮುಂದೆ ಕೂತಿರುವುದಿಲ್ಲ. ಹರಾಜಿನ ಗದ್ದಲದ ನಡುವೆ ನಿಂತು, ಅಂಗೈಯಗಲದ ಫೋನಿನಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ ಹುಡುಕುತ್ತಾರೆ. ಆ ಪರದೆಯಲ್ಲಿ ಮಾರುಕಟ್ಟೆ, ತಳಿ, ಕನಿಷ್ಠ, ಗರಿಷ್ಠ, ಸರಾಸರಿ ಎಂಬ ಐದು ಕಾಲಂ ಕೂರಿಸುವುದು ಕಷ್ಟ. ‘ಶ್ರೀನಿವಾಸಪುರ’ ಒಂದೇ ಅರ್ಧ ಸಾಲು ತಿನ್ನುತ್ತದೆ. ಇಂಥ ಕೆಲಸಕ್ಕೆ ಅನೇಕ್ ಕನ್ನಡ ತುಂಬ ಒಳ್ಳೆಯ ಫಾಂಟ್. ಆದರೆ ಅದರ ಗುಣವೆಲ್ಲ ಹೊರಬರುವುದು ಸ್ಟೈಲ್ ಶೀಟಿನಲ್ಲಿ, ಅಂದರೆ ಪುಟದ ಅಂದ-ಅಳತೆ ಬರೆದಿಡುವ ಕಡತದಲ್ಲಿ. ಅಲ್ಲಿ ನಾಲ್ಕು ಸಾಲು ತಪ್ಪಿದರೆ ಬೇರೆ ಯಾವ ಫಾಂಟಿಗೂ ಇದಕ್ಕೂ ವ್ಯತ್ಯಾಸವೇ ಕಾಣದು.

ಮುಂಬೈನ ಏಕ್ ಟೈಪ್ ತಂಡದ ಈ ಫಾಂಟ್ 2022ರಿಂದ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತಿದೆ, ವ್ಯಾಪಾರದ ಜಾಲತಾಣಕ್ಕೂ ಬಳಸಬಹುದು. ದಪ್ಪ 100ರಿಂದ 800ರವರೆಗೆ, ಅಗಲ ಶೇ. 75ರಿಂದ 125ರವರೆಗೆ, ಎರಡೂ ಒಂದೇ ಕಡತದಲ್ಲಿ. ಅಗಲ ಬದಲಾಗುವುದೇ ಇದರ ದೊಡ್ಡ ಬಲ. ಕಾಲಂ ತಲೆಬರಹಕ್ಕೆ, ಅಗಲ ಹೇಳುವ ಫಾಂಟ್-ಸ್ಟ್ರೆಚ್ ಶೇ. 85 ಕೊಟ್ಟರೆ ಅಕ್ಷರದ ಎತ್ತರ ಹಾಗೇ ಉಳಿದು ಜಾಗ ಮಾತ್ರ ಉಳಿತಾಯವಾಗುತ್ತದೆ. ಅದಕ್ಕಿಂತ ಕೆಳಗೆ ಇಳಿಸದಿರುವುದು ಲೇಸು: ಚಿಕ್ಕ ಗಾತ್ರದಲ್ಲಿ ‘ಗರಿಷ್ಠ’ದ ಒತ್ತಕ್ಷರ ಮುಚ್ಚಿಕೊಂಡಂತಾಗುತ್ತದೆ.

ಮೊದಲ ಎಡವಟ್ಟು ಇಲ್ಲೇ. ಗೂಗಲ್ ಫಾಂಟ್ಸ್ ಕೊಂಡಿಯಲ್ಲಿ ಬರೀ ಫಾಂಟಿನ ಹೆಸರು ಹಾಕಿದರೆ 400ರ ದಪ್ಪ ಮಾತ್ರ ಇಳಿಯುತ್ತದೆ. ಆಮೇಲೆ ಬೋಲ್ಡ್ ಕೇಳಿದರೆ ಬ್ರೌಸರ್ ಅದೇ ಅಕ್ಷರವನ್ನು ಹಿಗ್ಗಿಸಿ ಮಸಿ ಬಳಿದಂತೆ ತೋರಿಸುತ್ತದೆ, ಸ್ಟ್ರೆಚ್ ಕೆಲಸವನ್ನೇ ಮಾಡುವುದಿಲ್ಲ. ಕೊಂಡಿಯಲ್ಲಿ ದಪ್ಪ, ಅಗಲ ಎರಡರ ವ್ಯಾಪ್ತಿಗಳನ್ನೂ ಬರೆಯಬೇಕು. ಕಡತವನ್ನು ಸ್ವಂತ ಸರ್ವರಿನಲ್ಲಿ ಇಡುವುದಾದರೆ ವೋಫ್2 ರೂಪದಲ್ಲಿಡಿ, ಟಿಟಿಎಫ್‌ಗಿಂತ ಹಗುರ. ಸ್ಟೈಲ್ ಶೀಟಿಗೆ ಫಾಂಟನ್ನು ಪರಿಚಯಿಸುವ ಫಾಂಟ್-ಫೇಸ್ ನಿಯಮದಲ್ಲಿ ದಪ್ಪ 100 800, ಅಗಲ 75% 125% ಎಂದು ಘೋಷಿಸಿ, ಫಾಂಟ್-ಡಿಸ್‌ಪ್ಲೇಗೆ ಸ್ವಾಪ್ ಕೊಡಿ. ನೆಟ್ ನಿಧಾನವಿದ್ದರೂ ದರ ಮೊದಲು ಕಾಣಲಿ, ಅಂದ ಹಿಂದೆಯೇ ಬರಲಿ.

ಯಾವ ಅಕ್ಷರಗಳಿಗೆ ಈ ಫಾಂಟ್ ಎಂದು ಸಂಖ್ಯೆಗಳಲ್ಲಿ ಹೇಳುವ ಯುನಿಕೋಡ್-ರೇಂಜ್ ಬರೆಯುವಾಗ ಇನ್ನೊಂದು ಗುಂಡಿಯಿದೆ. ಕನ್ನಡದ ವಲಯ 0ಸಿ80ರಿಂದ 0ಸಿಎಫ್‌ಎಫ್ ಎಂದು ಅಷ್ಟನ್ನೇ ಹಾಕಿ ಬಿಡುವವರೇ ಹೆಚ್ಚು. ‘ಸಾಫ್ಟ್‌ವೇರ್’ ಎಂಬಲ್ಲಿ ಅರ್ಧಾಕ್ಷರವನ್ನು ಬಿಡಿಸಿಡುವ, ಕಣ್ಣಿಗೆ ಕಾಣದ ಚಿಹ್ನೆಯ ಸಂಖ್ಯೆ 200ಸಿ, ಅದರ ಜೊತೆಗಾರ 200ಡಿ. ಇವೆರಡೂ ವ್ಯಾಪ್ತಿಯ ಹೊರಗುಳಿದರೆ ಕೆಲವು ಫೋನುಗಳಲ್ಲಿ ಪದದ ಮಧ್ಯೆ ಫಾಂಟ್ ಬದಲಾಗಿ ಅಕ್ಷರ ಒಡೆಯಬಹುದು. ರೂಪಾಯಿ ಚಿಹ್ನೆಗೆ 20ಬಿ9 ಸೇರಿಸಿ.

ಸಾಲಿನ ಅಂತರದ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಕನ್ನಡ ಪುಟಗಳು ಕೆಡುವುದೇ ಇಲ್ಲಿ. ಇಂಗ್ಲಿಷಿಗೆ ಬರೆದ ಟೆಂಪ್ಲೇಟಿನಲ್ಲಿ ಲೈನ್-ಹೈಟ್ 1.2 ಇರುತ್ತದೆ. ಅದನ್ನೇ ಉಳಿಸಿದರೆ ‘ರಾಷ್ಟ್ರೀಯ’ದ ಎರಡು ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. 1.6 ಅಥವಾ 1.7 ಇಡಿ, ಏಕಮಾನ ಹಾಕದೆ ಬರೀ ಸಂಖ್ಯೆ ಬರೆಯಿರಿ. 20 ಪಿಕ್ಸೆಲ್ ಎಂದು ಇಡೀ ಪುಟದ ‘ಬಾಡಿ’ ಟ್ಯಾಗಿಗೆ ಬರೆದರೆ 28 ಪಿಕ್ಸೆಲ್ಲಿನ ತಲೆಬರಹಕ್ಕೂ ಅದೇ 20 ಹರಿದುಬಂದು ಸಾಲುಗಳು ಒಂದರ ಮೇಲೊಂದು ಕೂರುತ್ತವೆ. ಬಟನ್ನಿಗೆ ಎತ್ತರ ಕಟ್ಟಿಹಾಕಿ, ಹೊರಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಹಾಕಿದರೂ ಒತ್ತು ಕತ್ತರಿಸಿಹೋಗುತ್ತದೆ. ಹೈಟ್ ಬದಲು ಮಿನ್-ಹೈಟ್ ಮತ್ತು ಪ್ಯಾಡಿಂಗ್ ಸಾಕು.

ಈ ಫಾಂಟಿಗೆ ಇಟಾಲಿಕ್ ಇಲ್ಲ. ಕೇಳಿದರೆ ಬ್ರೌಸರ್ ಅಕ್ಷರವನ್ನು ಓರೆಯಾಗಿಸುತ್ತದೆ, ನೋಡಲಾಗದು; ಪದವನ್ನು ಎತ್ತಿ ತೋರಿಸಲು ದಪ್ಪ 600 ಬಳಸಿ. ಉದ್ದನೆಯ ಲೇಖನ ಓದಿಸಲು ಇದರ ಬಿಗಿಯಾದ ಆಕಾರ ನಮಗೆ ಅಷ್ಟು ಹಿತವೆನಿಸುವುದಿಲ್ಲ. ಅಲ್ಲಿಗೆ ನೋಟೋ ಸೆರಿಫ್ ಕನ್ನಡವೇ ಮೇಲು.

ಇಷ್ಟೆಲ್ಲ ಅಳತೆಯನ್ನು ಸ್ಟೈಲ್ ಶೀಟಿನ ಬದಲು ಪುಟದ ಒಂದೊಂದು ಟ್ಯಾಗಿನೊಳಗೆ ಬರೆದರೆ ಕಥೆ ಮುಗಿಯಿತು. 1996ರ ಡಿಸೆಂಬರಿನಲ್ಲಿ ಸ್ಟೈಲ್ ಶೀಟಿನ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಆವೃತ್ತಿ ಬಂದದ್ದೇ ವಿಷಯವನ್ನೂ ವೇಷವನ್ನೂ ಬೇರೆಮಾಡಲು. ದರಪಟ್ಟಿಯ ಪುಟಗಳೆಲ್ಲ ಒಂದೇ ಕಡತಕ್ಕೆ ಕೊಂಡಿ ಹಾಕಿಕೊಂಡರೆ ಫೋನ್ ಅದನ್ನು ಒಮ್ಮೆ ಇಳಿಸಿಕೊಂಡು ಇಟ್ಟುಕೊಳ್ಳುತ್ತದೆ. ಮುಖ್ಯ ಬಣ್ಣ ಬದಲಿಸಲು ಆ ಕಡತದ ‘ರೂಟ್’ ನಿಯಮದಲ್ಲಿಟ್ಟ ಒಂದು ವೇರಿಯಬಲ್ ತಿದ್ದಿದರೆ ಸಾಕು. ಟ್ಯಾಗಿನೊಳಗಿನ ಸ್ಟೈಲ್ ಮಾತ್ರ ಹೊರಗಿನ ನಿಯಮವನ್ನು ಸೋಲಿಸುತ್ತದೆ. ಅದನ್ನು ಮಣಿಸಲು, ‘ಈ ನಿಯಮವೇ ಗೆಲ್ಲಲಿ’ ಎನ್ನುವ ಇಂಪಾರ್ಟೆಂಟ್ ಬರೆದರೆ, ಮುಂದಿನ ತಿದ್ದುಪಡಿಗೆ ಮತ್ತೊಂದು ಇಂಪಾರ್ಟೆಂಟ್ ಬೇಕು.

ತಿದ್ದಿದ ಮೇಲೂ ರೈತರ ಫೋನಿನಲ್ಲಿ ಹಳೆಯ ರೂಪವೇ ಕಂಡರೆ ಫಾಂಟನ್ನು ದೂರಬೇಡಿ, ಅದು ಫೋನ್ ಇಟ್ಟುಕೊಂಡ ಹಳೆಯ ಸ್ಟೈಲ್ ಶೀಟ್. ಕೊಂಡಿಯಲ್ಲಿ ಕಡತದ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಿ=2 ಎಂದು ಇಂಗ್ಲಿಷಿನಲ್ಲಿ ಸೇರಿಸಿ, ಪ್ರತಿ ಬದಲಾವಣೆಗೂ ಸಂಖ್ಯೆ ಏರಿಸಿ. ಪುಟಕ್ಕೆ ಅಲಂಕಾರವೇ ಬರದಿದ್ದರೆ ಕಡತದ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸ್‌ನಲ್ಲಿ ನಡೆಯುವ ಆ ವ್ಯತ್ಯಾಸವನ್ನು ಲಿನಕ್ಸ್ ಸರ್ವರ್ ಒಪ್ಪುವುದಿಲ್ಲ.