ಕರಿದ ಎಣ್ಣೆಗೆ ಯಾವ ಪಂಪ್? ನಾಲ್ಕು ನೋಡಿದ ಮೇಲೆ ನನಗೆ ಉಳಿದದ್ದು ಒಂದು

18,000 ರೂಪಾಯಿ ಕೊಟ್ಟು ತಂದ ಗೇರ್ ಪಂಪ್ (ಎರಡು ಹಲ್ಲುಚಕ್ರಗಳ ನಡುವೆ ಎಣ್ಣೆ ತಳ್ಳುವುದು) ನಮ್ಮ ಕಾಫಿ ಗೋದಾಮಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಅದರ ಅರ್ಧ ಬೆಲೆಗೆ ಬಂದ ಓಪನ್ ಇಂಪೆಲ್ಲರ್ (ತೆರೆದ ರೆಕ್ಕೆಚಕ್ರದ) ಪಂಪ್ ಎರಡು ವರ್ಷದಿಂದ ಓಡುತ್ತಿದೆ. ಮನೆಯಲ್ಲೇ ಬಯೋಡೀಸೆಲ್ ಮಾಡೋಣ ಅಂತ ಯೋಚಿಸುತ್ತಿರುವವರು ದುಡ್ಡು ಕೊಡುವ ಮುಂಚೆ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ತೋಟ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಹೂವಿಗೆ ಒಂದು ಸಲ, 15–20 ದಿನ ಬಿಟ್ಟು ಇನ್ನೊಂದು ಸಲ. ಆಗ ಇಂಜಿನ್ ಕುಡಿಯುವ ಡೀಸೆಲ್ ಲೆಕ್ಕ ಹಾಕಿದರೆ ಎದೆ ಝಲ್ ಅನ್ನುತ್ತದೆ. ಹಾಗಾಗಿ ಕರಿದ ಎಣ್ಣೆಗೆ ಕೈ ಹಾಕಿದೆ. ಅದಕ್ಕೆ ಮೆಥನಾಲ್, ಕಾಸ್ಟಿಕ್ ಬೆರೆಸಿ ಪಂಪಿನಲ್ಲಿ ಸುತ್ತಿಸಿದರೆ ಬಯೋಡೀಸೆಲ್ ಆಗುತ್ತದೆ, ಗ್ಲಿಸರಿನ್ ಕೆಳಗೆ ಇಳಿಯುತ್ತದೆ. ಮಾಡಿದ ಬಯೋಡೀಸೆಲ್ಲನ್ನು ಡೀಸೆಲ್ ಜೊತೆ ಐದರಲ್ಲಿ ಒಂದು ಪಾಲು ಬೆರೆಸುತ್ತೇನೆ, ಅಷ್ಟೇ.

ಎಣ್ಣೆ ಬರುವುದು ಎರಡು ಹೋಂಸ್ಟೇಗಳಿಂದ ಮತ್ತು ಕುಶಾಲನಗರದ ಒಂದು ಬಾಳೆಕಾಯಿ ಚಿಪ್ಸ್ ಅಂಗಡಿಯಿಂದ. ಡ್ರಮ್‌ನಲ್ಲಿ ಏನೇನು ಇರುತ್ತದೆ ಅಂತ ಮೊದಲು ನೋಡಿ, ಪಂಪ್ ಆಮೇಲೆ. ಸುಟ್ಟು ಕರಿಯಾದ ಬಜ್ಜಿ ಹಿಟ್ಟು, ಕರಿಬೇವು, ಮೆಣಸಿನಕಾಯಿ ಸಿಪ್ಪೆ, ಇಡೀ ಕಾಳುಮೆಣಸು. ಪಂದಿ ಫ್ರೈ ಮಾಡಿದ ಬಾಣಲೆಯದಾದರೆ ಹಂದಿ ಕೊಬ್ಬು, ಜೊತೆಗೆ ಮೂಳೆ ಚೂರು. ಚಿಪ್ಸ್ ಅಂಗಡಿಯದು ತೆಂಗಿನೆಣ್ಣೆ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಊರಲ್ಲಿ ವರ್ಷದಲ್ಲಿ ಎಷ್ಟು ಬೆಳಗ್ಗೆ 24 ಡಿಗ್ರಿ ಇರುತ್ತದೆ ಹೇಳಿ?

ಮೊದಲು ಹಾಕಿದ್ದು ಮನೆಯ ನೀರಿನ ಟ್ಯಾಂಕಿಗೆ ಇದ್ದ ಅರ್ಧ ಎಚ್‌ಪಿ ಸೆಲ್ಫ್ ಪ್ರೈಮಿಂಗ್ (ತಾನೇ ನೀರೆಳೆದುಕೊಳ್ಳುವ) ಮೋಟರ್. ಹಿತ್ತಾಳೆ ಇಂಪೆಲ್ಲರ್, ಕೇಸಿಂಗ್‌ಗೂ ಅದಕ್ಕೂ ನಡುವೆ ಕಾಗದದಷ್ಟು ಸಂದು. ಮೂರನೇ ದಿನ ಹಿಟ್ಟಿನ ಕರಕಲು ಸಿಕ್ಕಿ ಹಾಕಿಕೊಂಡು ಗುಂಯ್ ಅಂತ ನಿಂತಿತು. ಹಿಂದಿನ ಫ್ಯಾನ್ ಕವರ್ ಬಿಚ್ಚಿ ಕೈಯಲ್ಲಿ ತಿರುಗಿಸಿದೆ, ಓಡಿತು, ಮತ್ತೆ ನಿಂತಿತು, ಕೊನೆಗೆ ಕಾಯಿಲ್ ಸುಟ್ಟಿತು. ಹಿತ್ತಾಳೆ, ತಾಮ್ರ ಬಯೋಡೀಸೆಲ್ಲಿಗೆ ಹೇಗೂ ಆಗಿಬರುವುದಿಲ್ಲ, ಬೇಗ ಕೆಡಿಸುತ್ತವೆ. ಇದನ್ನು ಬಿಟ್ಟುಬಿಡಿ.

ಆಮೇಲೆ ಮೈಸೂರಿಗೆ ಹೋದೆ. ಅಂಗಡಿಯವರು, ‘ಎಣ್ಣೆ ಅಂದ್ರೆ ಗೇರ್ ಪಂಪೇ ಸಾರ್, ಕಣ್ಣು ಮುಚ್ಚಿ ತಗೊಳ್ಳಿ’ ಅಂದರು. ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಕರಿದ ಎಣ್ಣೆ ಬಯೋಡೀಸೆಲ್‌ಗಿಂತ ಸುಮಾರು ಎಂಟು ಪಟ್ಟು ಮಂದ. ಚಳಿಯಲ್ಲಿ ಅದನ್ನು ಎಳೆಯುವ ಶಕ್ತಿ ಗೇರ್ ಪಂಪಿಗೆ ಇದೆ. ಡ್ರಮ್‌ನಿಂದ ತಾನೇ ಎಳೆದುಕೊಳ್ಳುತ್ತದೆ, ಏರ್ ಹಿಡಿಯುವ ಕಾಟ ಇಲ್ಲ. ಮೊದಲ ಎರಡು ಬ್ಯಾಚ್ ಚೆನ್ನಾಗಿಯೇ ಹೋಯಿತು, ನಾನೂ ಖುಷಿಪಟ್ಟೆ.

ಮೂರನೇ ಬ್ಯಾಚಿನಲ್ಲಿ ಜರಡಿ ತಪ್ಪಿಸಿಕೊಂಡ ಒಂದು ಮೂಳೆ ಚೂರು ಹಲ್ಲುಗಳ ನಡುವೆ ಕೂತಿತು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಪಂಪ್ ನಿಂತಿತು, ಮೇನ್ ಟ್ರಿಪ್ ಆಯಿತು. ಬಿಚ್ಚಬೇಕಾದರೆ ಎಂಟು ಬೋಲ್ಟ್. ಮುಚ್ಚಳಕ್ಕೆ ಅಂಟಿದ ತೆಳು ಗ್ಯಾಸ್ಕೆಟ್ ಹರಿಯಿತು. ಹೊಸದು ಕತ್ತರಿಸಿ ಹಾಕಿದರೆ ಅದು ಹಳೆಯದಕ್ಕಿಂತ ಒಂದು ಕೂದಲಷ್ಟು ದಪ್ಪ, ಎಳೆಯುವುದೇ ನಿಂತಿತು. ಮತ್ತೆ ಬಿಚ್ಚಿದೆ. ಸರಿಯಾದ ದಪ್ಪದ ಪೇಪರ್ ಹುಡುಕಿಕೊಂಡು ಮಡಿಕೇರಿಗೆ ಹೋಗಿಬಂದೆ. ಅಷ್ಟರಲ್ಲಿ ಎರಡು ದಿನ ಕಳೆದಿತ್ತು. ಕಾಸ್ಟಿಕ್ ಹಾಕಿದ ಎಣ್ಣೆ ಅರ್ಧಕ್ಕೆ ನಿಂತು ತೊಟ್ಟಿಯಲ್ಲೇ ಸೋಪಿನ ಗಂಜಿಯಾಗಿತ್ತು. 80 ಲೀಟರ್ ಎಣ್ಣೆ, ಅದಕ್ಕೆ ಹಾಕಿದ ಮೆಥನಾಲ್ ಎಲ್ಲ ಹೋಯಿತು.

ಇನ್ನೊಂದು ದಿನ ಕೆಲಸದ ಹುಡುಗ ಗೊತ್ತಿಲ್ಲದೆ ಆಚೆ ಕಡೆಯ ವಾಲ್ವ್ ಮುಚ್ಚಿಬಿಟ್ಟ. ಗೇರ್ ಪಂಪ್ ತಳ್ಳುತ್ತಲೇ ಇರುತ್ತದೆ, ದಾರಿ ಇಲ್ಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹೋಸ್ ಕಿತ್ತು ಎಣ್ಣೆ ಗೋಡೆಗೆ ಹಾರಿತು. ಬಿಸಿ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಗೇರ್ ಪಂಪೇ ಬೇಕು ಅನ್ನುವವರು ರಿಲೀಫ್ ವಾಲ್ವ್ (ಒತ್ತಡ ಹೆಚ್ಚಾದರೆ ತಾನೇ ತೆರೆಯುವುದು) ಇರುವುದನ್ನೇ ಕೇಳಿ ತಗೊಳ್ಳಿ.

ಗಾಳಿಯಲ್ಲಿ ಓಡುವ ಡಯಾಫ್ರಂ ಪಂಪನ್ನು ಪರಿಚಯದ ಗ್ಯಾರೇಜಿನವರಿಂದ ಒಂದು ವಾರಕ್ಕೆ ತಂದಿದ್ದೆ. ಕಸವನ್ನು ಸಲೀಸಾಗಿ ದಾಟಿಸುತ್ತದೆ. ಕರೆಂಟ್ ಹತ್ತಿರ ಬರುವುದಿಲ್ಲ, ಹಾಗಾಗಿ ಮೆಥನಾಲ್ ಇರುವಲ್ಲಿ ಇದರಷ್ಟು ನೆಮ್ಮದಿ ಬೇರೆ ಇಲ್ಲ. ಆದರೆ ಮೆಣಸಿನಕಾಯಿ ಸಿಪ್ಪೆ ಒಳಗಿನ ಬಾಲ್ ಕೆಳಗೆ ಕೂತರೆ ಎಳೆಯುವುದಿಲ್ಲ. ಮತ್ತೆ ಕಂಪ್ರೆಸರ್ ಬೇಕು. ನನ್ನ ಹತ್ತಿರ ಕಂಪ್ರೆಸರ್ ಇಲ್ಲ, ಇದಕ್ಕೊಂದೇ ಅಂತ ಕೊಳ್ಳುವುದಕ್ಕೂ ಆಗುವುದಿಲ್ಲ. ನಿಮ್ಮಲ್ಲಿ ಈಗಾಗಲೇ ಇದ್ದರೆ ಖಂಡಿತ ಯೋಚಿಸಿ.

ಕೈಯಲ್ಲಿ ತಿರುಗಿಸುವ ಬ್ಯಾರೆಲ್ ಪಂಪ್: ಶುದ್ಧ ಬಯೋಡೀಸೆಲ್ ತೆಗೆಯಲು ಒಳ್ಳೆಯದು, ಬೇರೆ ಯಾವುದಕ್ಕೂ ಬೇಡ.

ಈಗ ನನ್ನ ಪಂಪಿನ ವಿಷಯ. ಬೀಡಿನ ಬಾಡಿ, ಬೀಡಿನ ಇಂಪೆಲ್ಲರ್, 1 ಎಚ್‌ಪಿ. ಇಂಪೆಲ್ಲರಿನ ಮುಂಭಾಗ ತೆರೆದಿದೆ, ರೆಕ್ಕೆಗಳು ಕಣ್ಣಿಗೆ ಕಾಣುತ್ತವೆ. ಕಾಳುಮೆಣಸು, ಹಿಟ್ಟಿನ ಉಂಡೆ, ಆ ಮೂಳೆ ಚೂರಿನಂಥದ್ದು ಎಲ್ಲ ದಾಟಿ ಹೋಗುತ್ತದೆ. ವಾಲ್ವ್ ಸ್ವಲ್ಪ ಹೊತ್ತು ಮುಚ್ಚಿದ್ದರೂ ಒಳಗೇ ಸುತ್ತುತ್ತದೆ, ಪೈಪ್ ಕೀಳುವುದಿಲ್ಲ. ಒಂದು ಗಂಟೆ ಸುತ್ತಿಸುವಾಗ ಮೆಥನಾಲನ್ನೂ ಎಣ್ಣೆಯನ್ನೂ ಚೆನ್ನಾಗಿ ಕಡೆಯುತ್ತದೆ, ನಮಗೆ ಬೇಕಾದದ್ದೂ ಅದೇ ಅಲ್ವಾ? (ಆದ ಬಯೋಡೀಸೆಲ್ಲನ್ನು ನೀರಿನಲ್ಲಿ ತೊಳೆಯುವಾಗ ಮಾತ್ರ ಇದನ್ನು ಹಾಕಬೇಡಿ. ಮಜ್ಜಿಗೆ ಥರ ಆಗಿಬಿಡುತ್ತದೆ, ಬೇರೆಯಾಗಲು ದಿನಗಟ್ಟಲೆ ಕಾಯಬೇಕು.)

ಇದೂ ಕಟ್ಟಿಕೊಂಡಿದೆ. ಮೊದಲ ಚಳಿಗಾಲದಲ್ಲಿ ವಾರಕ್ಕೆರಡು ಸಲ. ಇಲ್ಲಿ ನನಗೆ ಕಲಿಯುವುದು ಜಾಸ್ತಿ ಇತ್ತು.

ಡಿಸೆಂಬರ್ ಬೆಳಗ್ಗೆ ಸ್ವಿಚ್ ಹಾಕಿದರೆ ಮೋಟರ್ ತಿರುಗುತ್ತದೆ, ಎಣ್ಣೆ ಬರುವುದಿಲ್ಲ. ಫುಟ್‌ವಾಲ್ವ್ ತೆಗೆದು ನೋಡಿದರೆ ಮೇಣ ಮೆತ್ತಿದ ಹಾಗೆ ಕೊಬ್ಬು. ಕೆರೆದು ಹಾಕಿ ಪ್ರೈಮ್ ಮಾಡಿದರೂ (ಎಣ್ಣೆ ತುಂಬಿಸಿ ಗಾಳಿ ತೆಗೆದರೂ) ಇಲ್ಲ. ಎಲ್ಬೋದ ಒಳಗೆ ಇನ್ನೊಂದು ಬಿರಡೆ. ಪಂಪಿನ ಹೊಟ್ಟೆ ಬಿಚ್ಚಿದೆ. ಅಲ್ಲಿ ಇದ್ದದ್ದು ಕೊಬ್ಬೂ ಅಲ್ಲ, ಕಸವೂ ಅಲ್ಲ, ಕಂದು ಬಣ್ಣದ ಗಟ್ಟಿ ಹಲ್ವ. ಹಿಂದಿನ ದಿನದ ಗ್ಲಿಸರಿನ್. ಕಾಸ್ಟಿಕ್ ಸೋಡದಲ್ಲಿ ಮಾಡಿದರೆ ಕೆಳಗೆ ಇಳಿಯುವ ಗ್ಲಿಸರಿನ್ ತಣ್ಣಗಾದ ಮೇಲೆ ಹೆಪ್ಪುಗಟ್ಟುತ್ತದೆ. ಕಾಸ್ಟಿಕ್ ಪೊಟ್ಯಾಶ್‌ನಲ್ಲಿ ಮಾಡಿದರೆ ನೀರಾಗಿಯೇ ಉಳಿಯುತ್ತದೆ. ಸೋಡಕ್ಕಿಂತ 1.4 ಪಟ್ಟು ತೂಕ ಹಾಕಬೇಕು, ಬೆಲೆಯೂ ಜಾಸ್ತಿ. ಆದರೆ ಪೊಟ್ಯಾಶ್‌ಗೆ ಬದಲಾಯಿಸಿದ ದಿನದಿಂದ ಹಲ್ವದ ಕಾಟ ನಿಂತಿತು. ಪಂಪನ್ನು ಬೈಯುವ ಮುಂಚೆ ಯಾರಾದರೂ ನನಗೆ ಇದನ್ನು ಹೇಳಬೇಕಿತ್ತು.

ಉಳಿದದ್ದು ಕೊಬ್ಬು. ಅದಕ್ಕೆ ಮೂರು ಕೆಲಸ ಮಾಡಿದೆ. ಫುಟ್‌ವಾಲ್ವ್ ಕಿತ್ತು ಹಾಕಿ ಪಂಪನ್ನು ತೊಟ್ಟಿಯ ತಳಕ್ಕಿಂತ ಒಂದು ಅಡಿ ಕೆಳಗೆ ಕೂರಿಸಿದೆ. ಎಣ್ಣೆ ತಾನಾಗಿ ಇಳಿದು ಬರುತ್ತದೆ, ಪ್ರೈಮ್ ಮಾಡುವ ರಗಳೆಯೇ ಇಲ್ಲ. ಒಂದು ಇಂಚಿನ ಪೈಪ್ ತೆಗೆದು ಎಳೆಯುವ ಕಡೆ ಎರಡು ಇಂಚು ಹಾಕಿದೆ, ಎಲ್ಬೋ ಒಂದೇ ಒಂದು. ಮತ್ತೆ ಎಣ್ಣೆಯನ್ನು ಮೊದಲೇ ಬಿಸಿ ಮಾಡುತ್ತೇನೆ. ಕಪಾತು ಮಾಡಿದ ಕಾಫಿ ರೆಂಬೆ ಒಟ್ಟಿ ಬೇರೆ ಶೆಡ್ಡಿನಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ತೊಟ್ಟಿಗೆ ತರುವುದು. ಬೆಂಕಿ ಮತ್ತು ಮೆಥನಾಲ್ ಒಂದೇ ಸೂರಿನಡಿ ಇರಬಾರದು, ಇದರಲ್ಲಿ ರಾಜಿ ಬೇಡ. ಮೆಥನಾಲ್ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಒಂದು ಗುಟುಕು ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. ಅದು ಕುದಿಯುವುದು 65 ಡಿಗ್ರಿಗೆ, ನಾನು 55 ದಾಟಿಸುವುದಿಲ್ಲ. ಸ್ಟಾರ್ಟರ್ ಗೋಡೆಯ ಆಚೆಗಿದೆ. ಡ್ರಿಲ್ ಮೆಷಿನ್ನಿಗೆ ಸಿಕ್ಕಿಸುವ ಸಣ್ಣ ಪಂಪ್ ಅಗ್ಗ ಅಂತ ಯಾರೂ ತರಬೇಡಿ, ಅದರ ಬ್ರಷ್ ಕಿಡಿ ಹಾರಿಸುತ್ತದೆ.

ಇಷ್ಟೆಲ್ಲ ಆದ ಮೇಲೂ ವರ್ಷಕ್ಕೆ ಎರಡು ಮೂರು ಸಲ ಕಟ್ಟಿಕೊಳ್ಳುತ್ತದೆ. ಆದರೆ ಎರಡೂ ಕಡೆ ಯೂನಿಯನ್ (ಸುಲಭವಾಗಿ ಬಿಚ್ಚುವ ಪೈಪ್ ಜಾಯಿಂಟ್) ಹಾಕಿದ್ದೇನೆ. ನಾಲ್ಕು ಬೋಲ್ಟ್, ಒಂದು ಪಾನಾ, ಹತ್ತು ನಿಮಿಷ. ಒರೆಸಿ ಮುಚ್ಚಿದರೆ ಮುಗಿಯಿತು. ಗ್ಯಾಸ್ಕೆಟ್ ಸ್ವಲ್ಪ ದಪ್ಪ ಆದರೂ ಇದು ತಲೆ ಕೆಡಿಸಿಕೊಳ್ಳುವುದಿಲ್ಲ.

ಸೀಲ್ ಬಗ್ಗೆ ಒಂದು ಮಾತು. ಜೊತೆಗೆ ಬಂದದ್ದು ನೈಟ್ರೈಲ್ ರಬ್ಬರ್, ಆರು ತಿಂಗಳಿಗೆ ಊದಿಕೊಂಡು ಸೋರಿತು. ಬಯೋಡೀಸೆಲ್ ತಡೆಯುವ ವೈಟಾನ್ ರಬ್ಬರ್ ಹಾಕಿಸಿದೆ, ಇವತ್ತಿನವರೆಗೆ ತೊಟ್ಟಿಕ್ಕಿಲ್ಲ.

ನಿಮ್ಮ ಎಣ್ಣೆ ಬೇಕರಿಯದೋ ಗಾಣದ ಹೊಂಗೆಯದೋ ಆಗಿದ್ದು, ಚೆನ್ನಾಗಿ ಸೋಸಿ ಇಡುವ ತಾಳ್ಮೆ ಇದ್ದರೆ ಗೇರ್ ಪಂಪ್ ನಿಮಗೆ ಸರಿಹೋಗಬಹುದು. ನನಗೆ ಆ ತಾಳ್ಮೆ ಇಲ್ಲ. ಬೆಳಗ್ಗೆ ತೋಟ, ಸಂಜೆ ಎರಡು ಗಂಟೆ ಇದಕ್ಕೆ, ಅಷ್ಟೇ ನನ್ನ ಪುರುಸೊತ್ತು. 10,000 ಒಳಗೆ ಮುಗಿಯಬೇಕು, ಕೆಟ್ಟರೆ ನಾನೇ ಬಿಚ್ಚುವಂತಿರಬೇಕು. ಓಪನ್ ಇಂಪೆಲ್ಲರೇ ನನ್ನದು.

ಹೋಂಸ್ಟೇ ನಡೆಸುವ ಅಕ್ಕ ಹೋದ ತಿಂಗಳು ಬಂದು ನೋಡಿ, ಅವರ ಜನರೇಟರಿಗೂ ಇದೇ ಮಾಡಿಕೊಡು ಅಂದಿದ್ದಾರೆ. ಮುಂದಿನ ಸಲ ಮೈಸೂರಿಗೆ ಹೋದಾಗ ಅವರಿಗೊಂದು ಪಂಪ್, ಇಬ್ಬರಿಗೂ ಒಂದೊಂದು ವೈಟಾನ್ ಸೀಲ್ ತರಬೇಕು.