ಉದ್ಯಮಬಾಗದ ಫೌಂಡ್ರಿಯಲ್ಲಿ ಪೈಥಾನ್‌ನ ಝೋನ್‌ಇನ್ಫೋ: ನಾಲ್ಕು ವರ್ಷ ಬಳಸಿದ ಮೇಲೆ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಗೆ ನಾನು ಪ್ರೋಗ್ರಾಂ ಬರೆದುಕೊಡುತ್ತೇನೆ. ಲೋಹ ಸುರಿದ ಹೊತ್ತು, ಉಷ್ಣತೆ, ಹೀಟ್ ನಂಬರ್ (ಒಂದು ಸಲ ಕರಗಿಸಿದ ಲೋಹಕ್ಕೆ ಕೊಡುವ ಸಂಖ್ಯೆ) ಎಲ್ಲ ದಾಖಲಾಗಿ ಜರ್ಮನಿಯ ಗಿರಾಕಿಗೆ ಅಲ್ಲಿಯ ಸಮಯದಲ್ಲೇ ಹೋಗಬೇಕು. ಇದಕ್ಕೆ 2021ರಿಂದ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬೇರೆ ಬೇರೆ ದೇಶಗಳ ಸಮಯದ ಲೆಕ್ಕ ಹಾಕುವ ಝೋನ್‌ಇನ್ಫೋ ಬಳಸುತ್ತಿದ್ದೇನೆ. ಮೊದಲು ಇದೇ ಕೆಲಸದ ಪೈಟಿಝೆಡ್ ಇತ್ತು.

ಅದನ್ನು ಬಿಟ್ಟದ್ದಕ್ಕೆ ಕಾರಣವಿದೆ. ಒಂದು ದಿನ ಶಿಫ್ಟ್ ಸೂಪರ್‌ವೈಸರ್ ಬಂದು, "ಸರ್, ನಾವು ಹತ್ತಕ್ಕ ಸುರದದ್ದು ರಿಪೋರ್ಟಿನ್ಯಾಗ 23 ಮಿನಿಟ್ ಮೊದಲ ತೋರಸಾಕತ್ತೈತ್ರಿ" ಅಂದರು. ಅರ್ಧ ಗಂಟೆಯೋ ಒಂದು ಗಂಟೆಯೋ ತಪ್ಪಿದ್ದರೆ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತಿತ್ತು. ಈ 23 ನಿಮಿಷ ಎಲ್ಲಿಂದ ಬಂತು ಎಂದು ಹುಡುಕುವುದರಲ್ಲೇ ರಾತ್ರಿಯಾಯಿತು. ಪೈಟಿಝೆಡ್‌ನಲ್ಲಿ ಲೋಕಲೈಝ್ ಎಂಬ ಫಂಕ್ಷನ್ ಮೂಲಕವೇ ಸಮಯಕ್ಕೆ ಅದರ ಸಮಯವಲಯ ಹಚ್ಚಬೇಕು. ನಾನು ಅದನ್ನು ನೇರವಾಗಿ ಟಿಝೆಡ್‌ಇನ್ಫೋಗೆ (ಪೈಥಾನ್‌ನ ಸಮಯದಲ್ಲಿ ವಲಯ ಬರೆಯುವ ಜಾಗ) ಕೊಟ್ಟಿದ್ದೆ. ಆಗ ಅದು ಏಷ್ಯಾ/ಕೋಲ್ಕತಾ (ಭಾರತದ ಸಮಯಕ್ಕೆ ಅದರಲ್ಲಿರುವ ಹೆಸರು) ವಲಯದ ಮೊಟ್ಟಮೊದಲ ನಮೂದನ್ನು, ಅಂದರೆ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) 5 ಗಂಟೆ 53 ನಿಮಿಷ ಮುಂದಿದ್ದ ಕೋಲ್ಕತ್ತದ ಹಳೇ ಸ್ಥಳೀಯ ಸಮಯವನ್ನು, ಎತ್ತಿಕೊಳ್ಳುತ್ತದೆ. 5:30 ಇರಬೇಕಾದ ಕಡೆ 5:53. ಸೂರ್ಯನ ಲೆಕ್ಕ ಹಿಡಿದರೆ ನಮ್ಮ ಬೆಳಗಾವಿ ಭಾರತೀಯ ಸಮಯಕ್ಕಿಂತ ಸುಮಾರು 32 ನಿಮಿಷ ಹಿಂದಿದೆ. ಇಲ್ಲಿಯ ಭಟ್ಟಿಗೆ ಕೋಲ್ಕತ್ತದ ಸೂರ್ಯ ಬಂದು ಕೂತಿದ್ದ. ದೋಷ ಎರರ್ ಆಗಿ ಕಾಣಿಸಿಕೊಳ್ಳಲೇ ಇಲ್ಲ, ಸುಮ್ಮನೆ ತಪ್ಪು ಉತ್ತರ ಕೊಡುತ್ತಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಝೋನ್‌ಇನ್ಫೋ 2020ರ ಅಕ್ಟೋಬರ್‌ನಲ್ಲಿ ಪೈಥಾನ್ 3.9ರ ಜೊತೆಗೇ ಬಂತು. ಇದರಲ್ಲಿ ವಲಯವನ್ನು ನೇರವಾಗಿ ಕೊಟ್ಟರೂ ಆ ತಾರೀಖಿಗೆ ಸಲ್ಲುವ ಅಂತರವನ್ನೇ ತೆಗೆದುಕೊಳ್ಳುತ್ತದೆ. ಜರ್ಮನಿಗೂ ನಮಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ನಾಲ್ಕು ವರ್ಷದಲ್ಲಿ ಈ ವ್ಯತ್ಯಾಸದ ಲೆಕ್ಕ ಒಂದು ಸಲವೂ ತಪ್ಪಿಲ್ಲ.

ತೊಂದರೆ ಇಲ್ಲವೇ ಅಂದರೆ, ಇದೆ. ವಿಂಡೋಸ್‌ನಲ್ಲಿ ಇದಕ್ಕೆ ಬೇಕಾದ ಸಮಯವಲಯದ ದತ್ತಾಂಶ ಇರುವುದಿಲ್ಲ. ಶಾಪ್ ಫ್ಲೋರ್‌ನ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟಿಲ್ಲ, ಹಾಗಾಗಿ ಟಿಝೆಡ್‌ಡೇಟಾ ಪ್ಯಾಕೇಜನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕುತ್ತೇನೆ. ಒಮ್ಮೆ ಹಾಕಿ ಮರೆಯುವಂತಿಲ್ಲ. 2022ರ ಅಕ್ಟೋಬರ್‌ನಲ್ಲಿ ಮೆಕ್ಸಿಕೊ ತನ್ನ ಬಹುಭಾಗದಲ್ಲಿ ಬೇಸಿಗೆ ಸಮಯವನ್ನೇ ಕೈಬಿಟ್ಟಿತು. ಹಳೇ ದತ್ತಾಂಶದ ಮೇಲೆ ಕೂತವರ ಲೆಕ್ಕ ಮುಂದಿನ ಬೇಸಿಗೆಗೆ ಒಂದು ಗಂಟೆ ತಪ್ಪುತ್ತಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಕಳೆಯುವ ಲೆಕ್ಕ. ನಮ್ಮ ಎರಕದ ಭಾಗಗಳನ್ನು ಗಿರಾಕಿ ತನ್ನಲ್ಲೇ ಹೀಟ್ ಟ್ರೀಟ್‌ಮೆಂಟ್ (ಲೋಹದ ಗುಣ ಹದಗೊಳಿಸಲು ಬಿಸಿಯಲ್ಲಿಡುವುದು) ಮಾಡಿ ಲಾಗ್, ಅಂದರೆ ಹೊತ್ತಿನ ದಾಖಲೆ, ಕಳಿಸುತ್ತಾನೆ. 2021ರ ಅಕ್ಟೋಬರ್ 30ರ ರಾತ್ರಿ ಹತ್ತಕ್ಕೆ ಒಳಗಿಟ್ಟದ್ದು, ಬೆಳಿಗ್ಗೆ ಆರಕ್ಕೆ ಹೊರಗೆ. ನನ್ನ ಪ್ರೋಗ್ರಾಂ ಎಂಟು ಗಂಟೆ ಎಂದಿತು, ಅವರ ಚಾರ್ಟ್ ಒಂಬತ್ತು ಎಂದಿತು. ಸರಿ ಇದ್ದದ್ದು ಚಾರ್ಟ್. ಆ ರಾತ್ರಿ ಮೂರಕ್ಕೆ ಅಲ್ಲಿ ಗಡಿಯಾರವನ್ನು ಎರಡಕ್ಕೆ ಹಿಂದೆ ತಿರುಗಿಸಿದ್ದರು. ಎರಡೂ ಸಮಯಗಳಿಗೆ ಒಂದೇ ವಲಯವಿದ್ದರೆ ಪೈಥಾನ್ ಗೋಡೆ ಗಡಿಯಾರದ ಅಂಕಿಗಳನ್ನಷ್ಟೇ ಕಳೆಯುತ್ತದೆ. ಪೈಥಾನ್ ಬೇಕೆಂದೇ ಹೀಗೆ ಮಾಡುತ್ತದೆ, ಝೋನ್‌ಇನ್ಫೋ ಇದನ್ನು ಬದಲಿಸುವುದಿಲ್ಲ. ಬಿಸಿಯಲ್ಲಿ ಇಟ್ಟ ಅವಧಿಯ ಮೇಲೆ ಲೋಹದ ಗುಣ ನಿಂತಿರುವಾಗ ಒಂದು ಗಂಟೆ ಸಣ್ಣದಲ್ಲ. ಅಂದಿನಿಂದ ಎರಡನ್ನೂ ಮೊದಲು ಯುಟಿಸಿಗೆ ತಿರುಗಿಸಿ ಆಮೇಲೆ ಕಳೆಯುತ್ತೇನೆ.

ಅಂಥ ರಾತ್ರಿ ಎರಡೂವರೆ ಎರಡು ಸಲ ಬರುತ್ತದೆ: ನಮ್ಮಲ್ಲಿ ಬೆಳಿಗ್ಗೆ ಆರಾದಾಗ ಒಮ್ಮೆ, ಏಳಾದಾಗ ಇನ್ನೊಮ್ಮೆ. ಯಾವ ಎರಡೂವರೆ ಎಂದು ಹೇಳಲು ಫೋಲ್ಡ್ ಎಂಬ ಗುರುತಿದೆ. ಮೊದಲನೆಯದಕ್ಕೆ 0, ಎರಡನೆಯದಕ್ಕೆ 1. ಆದರೆ ಲಾಗಿನಲ್ಲಿ ಬರೀ 2:30 ಎಂದಿದ್ದರೆ ಯಾವ ಗುರುತು ಹಾಕುವುದು? ಸಾಲುಗಳ ಕ್ರಮ ನೋಡಿ ಊಹಿಸುತ್ತಿದ್ದೆ, ಮನಸ್ಸು ಒಪ್ಪುತ್ತಿರಲಿಲ್ಲ. ಕೊನೆಗೆ ಗಿರಾಕಿಗೇ ಪತ್ರ ಬರೆದೆವು. ಈಗ ಅವರು ಲಾಗನ್ನು ಯುಟಿಸಿಯಲ್ಲೇ ಕಳಿಸುತ್ತಾರೆ.