ಕ್ಲೋಜಪೈನ್ ಮಾತ್ರೆ: ತಮ್ಮನಿಗೆ ಮೂರು ವರ್ಷ ಕೊಟ್ಟ ಮೇಲೆ

ಪಕ್ಕದ ತೋಟದ ಪಂಪ್‌ಸೆಟ್ಟು ನನ್ನ ತಮ್ಮನ ಹೆಸರು ಹಿಡಿದು ಬೈಯುತ್ತಿತ್ತು. ತ್ರೀಫೇಸ್ ಕರೆಂಟು ಬರುತ್ತಿದ್ದುದು ಹೆಚ್ಚಾಗಿ ರಾತ್ರಿ. ಮೋಟಾರು ಶುರುವಾದ ತಕ್ಷಣ ಅವನು ಕಿವಿಗೆ ಹತ್ತಿ ತುರುಕಿಕೊಂಡು ಮಂಚದ ಕೆಳಗೆ ಸೇರುತ್ತಿದ್ದ. ಸ್ಕಿಜೋಫ್ರೇನಿಯಾ ಅಂದರು. ಮೊದಲು ರಿಸ್ಪೆರಿಡೋನ್, ಆಮೇಲೆ ಒಲಾಂಜಪೈನ್, ಎರಡನ್ನೂ ತಿಂಗಳುಗಟ್ಟಲೆ ತಪ್ಪದೆ ಕೊಟ್ಟೆವು. ಒಲಾಂಜಪೈನ್‌ನಲ್ಲಿ ಮೈ ಬಂತು, ಪಂಪ್‌ಸೆಟ್ಟಿನ ಬಾಯಿ ಮಾತ್ರ ಮುಚ್ಚಲಿಲ್ಲ. ಎರಡು ಔಷಧಿಗೂ ಜಗ್ಗದವರಿಗೆ ಕೊಡುವುದು ಕ್ಲೋಜಪೈನ್.

ಡಾಕ್ಟ್ರು ಮೊದಲೇ ಹೇಳಿದ್ದರು, ಇದು ಬರೀ ಮಾತ್ರೆಯಲ್ಲ ಕಣಮ್ಮ, ಒಂದು ವ್ರತ ಇದ್ದ ಹಾಗೆ ಅಂತ. 25ರ ಮಾತ್ರೆ ಅರ್ಧ ಮುರಿದು ಶುರು. ನಿಧಾನಕ್ಕೆ ಏರಿಸುತ್ತಾ 300ಕ್ಕೆ ಬಂದು ನಿಂತೆವು. ಮೊದಲ 18 ವಾರ ವಾರವಾರವೂ ರಕ್ತ ಪರೀಕ್ಷೆ, ವರ್ಷ ತುಂಬುವವರೆಗೆ ಹದಿನೈದು ದಿನಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ. ಈ ಮಾತ್ರೆ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಕುಸಿಸುತ್ತದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಹೀಗಾಗಿ ಜನ ಸತ್ತಿದ್ದರು. ಆಮೇಲೆ ಈ ಪರೀಕ್ಷೆಯ ಷರತ್ತಿನ ಮೇಲೆಯೇ ಇದು ವಾಪಸ್ ಬಂದದ್ದು. ಜ್ವರ, ಗಂಟಲು ನೋವು ಬಂದರೆ ಸುಮ್ನೆ ಕಷಾಯ ಕುಡಿಸಿ ಕೂರುವ ಹಾಗಿಲ್ಲ, ಆವತ್ತೇ ರಕ್ತ ಕೊಡಬೇಕು.

ಇನ್ನೊಂದು ತಲೆನೋವು: 48 ಗಂಟೆಗಿಂತ ಜಾಸ್ತಿ ಮಾತ್ರೆ ತಪ್ಪಿದರೆ ಮತ್ತೆ ಅರ್ಧ ಮಾತ್ರೆಯಿಂದ ಶುರು ಮಾಡಬೇಕು. ನಾವು ತಗೊಳ್ಳುತ್ತಿದ್ದ ಮೆಡಿಕಲ್‌ನವರು "ನಾಳೆ ಬರುತ್ತೆ ಅಕ್ಕ" ಅಂತ ಮೂರು ದಿನ ತಳ್ಳಿದರು. ನಮ್ಮ ಎರಡು ತಿಂಗಳ ಶ್ರಮ ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಈಗ ಹತ್ತು ದಿನದ ಮಾತ್ರೆ ಸಕ್ಕರೆ ಡಬ್ಬಿಯ ಹಿಂದೆ ಯಾವಾಗಲೂ ಇರುತ್ತದೆ.

ರಾತ್ರಿಯೆಲ್ಲ ಜೊಲ್ಲು. ದಿಂಬಿನ ಮೇಲೆ ಹಾಸುವ ಟವೆಲ್ ಬೆಳಗ್ಗೆ ಹಿಂಡಿದರೆ ನೀರು ಬರುತ್ತದೆ, ಉತ್ಪ್ರೇಕ್ಷೆಯಲ್ಲ. ಬೆಳಗ್ಗೆ ಒಂಬತ್ತರವರೆಗೂ ಏಳುವುದಿಲ್ಲ. ಮಲಬದ್ಧತೆಯನ್ನಂತೂ ಹಗುರವಾಗಿ ತಗೋಬೇಡಿ, ಅದು ಜೀವಕ್ಕೇ ಕುತ್ತಾಗಬಹುದು. ದಿನಾ ಹೋದೆಯಾ ಅಂತ ನಾನು ಕೇಳುತ್ತೇನೆ. ಅವನಿಗೆ ಮುಜುಗರ, ನನಗೆ ಯಾವತ್ತೋ ಹೋಯ್ತು.

ಯಾರೂ ಹೇಳದ ವಿಷಯ ಒಂದಿದೆ, ಬೀಡಿ. ಕಳೆದ ವರ್ಷ ಅವನು ಅಯ್ಯಪ್ಪ ಮಾಲೆ ಹಾಕಿದ. ದಿನಕ್ಕೊಂದು ಕಟ್ಟು ಸೇದುತ್ತಿದ್ದವನು ಒಂದೇ ಏಟಿಗೆ ಬಿಟ್ಟ. ನಮಗೆಲ್ಲ ಖುಷಿ. ವಾರದೊಳಗೆ ತೂಕಡಿಕೆ, ತೊದಲು, ಭಜನೆಗೆ ಕೂತಲ್ಲೇ ವಾಲುತ್ತಿದ್ದ. ಗುರುಸ್ವಾಮಿಗಳು ದೇವರು ಮೈಮೇಲೆ ಬರುತ್ತಿದ್ದಾನೆ ಅಂದರು! ಡಾಕ್ಟ್ರಿಗೆ ಫೋನ್ ಮಾಡಿದರೆ ಅವರು ಕೇಳಿದ ಮೊದಲ ಪ್ರಶ್ನೆ, ಬೀಡಿ ಬಿಟ್ಟನಾ? ಹೊಗೆ ಈ ಔಷಧಿಯನ್ನು ಮೈಯಲ್ಲಿ ಬೇಗ ಕರಗಿಸುತ್ತದಂತೆ. ಹೊಗೆ ನಿಂತರೆ ಅದೇ ಮಾತ್ರೆ ರಕ್ತದಲ್ಲಿ ಜಾಸ್ತಿಯಾಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಡೋಸ್ ಇಳಿಸಿದರು. ಮಾಲೆ ತೆಗೆದ ದಿನ ಮತ್ತೆ ಫೋನ್, ಏಕೆಂದರೆ ಇರುಮುಡಿ ಇಳಿಸಿದ್ದೇ ಬೀಡಿ ಹಚ್ಚಿದ್ದ. ಬೀಡಿಯ ಲೆಕ್ಕ ಡಾಕ್ಟ್ರಿಗೆ ಮುಚ್ಚಿಡಬೇಡಿ, ಡೋಸನ್ನು ನೀವೇ ಏರಿಸಿ ಇಳಿಸಲೂ ಹೋಗಬೇಡಿ.

ಇಷ್ಟೆಲ್ಲ ಗೋಳು ಹೇಳಿದ ಮೇಲೂ ಐದಕ್ಕೆ ನಾಲ್ಕು ನಕ್ಷತ್ರ. ಕಳೆದುಕೊಂಡ ಒಂದು ನಕ್ಷತ್ರ ಆ ಟವೆಲ್ಲಿನದು. ದನಿಗಳು ಪೂರ್ತಿ ಹೋಗಿಲ್ಲ, ದೂರದ ಮನೆಯ ಟಿವಿಯ ಹಾಗೆ ಇವೆ ಅನ್ನುತ್ತಾನೆ. ಆದರೆ ಶುರು ಮಾಡಿದ ಐದನೇ ತಿಂಗಳು ಒಂದು ರಾತ್ರಿ ಜಗಲಿಯಲ್ಲಿ ಕೂತಿದ್ದವನು ಕಿವಿಗೊಟ್ಟು ಕೇಳಿದ. ನನಗೆ ಎದೆ ಧಸಕ್ಕೆಂದಿತು. "ಅಕ್ಕಾ, ಮೋಟಾರು ಸೌಂಡ್ ಸರಿಯಿಲ್ಲ, ಬೇರಿಂಗ್ ಹೋಗಿದೆ" ಅಂದ. ಬೆಳಗ್ಗೆ ತೋಟದವರು ಬಿಚ್ಚಿ ನೋಡಿದರು. ಬೇರಿಂಗೇ ಹೋಗಿತ್ತು.